ಮತ ಹಾಕಿದ ಮೇಲೆ ಚುನಾವಣೆಯೇ ರದ್ದು: ರೊಮೇನಿಯಾದಲ್ಲಿ ಹೊರಗಿನ ಕೈ ಮತ್ತು ಒಳಗಿನ ಬಿರುಕು

2024ರ ಡಿಸೆಂಬರ್ 6, ಶುಕ್ರವಾರ. ರೊಮೇನಿಯಾದ ಅಧ್ಯಕ್ಷೀಯ ಚುನಾವಣೆಯ ಎರಡನೇ ಸುತ್ತಿಗೆ, ಅಂದರೆ ಮೊದಲೆರಡು ಸ್ಥಾನ ಪಡೆದವರ ನಡುವಿನ ಅಂತಿಮ ಮತದಾನಕ್ಕೆ, ಇನ್ನೆರಡು ದಿನ ಬಾಕಿ ಇತ್ತು. ವಿದೇಶಗಳಲ್ಲಿ ನೆಲೆಸಿರುವ ರೊಮೇನಿಯನ್ನರಿಗೆ ಮಾತ್ರ ಅಂದೇ ಮತದಾನ ಶುರುವಾಗಿ, ಸಾವಿರಾರು ಜನ ಮತ ಹಾಕಿ ಮನೆಗೆ ಹೋಗಿಯೂ ಆಗಿತ್ತು. ಆಗ ಬುಕಾರೆಸ್ಟ್‌ನಿಂದ ತೀರ್ಪು ಬಂತು. ದೇಶದ ಸಾಂವಿಧಾನಿಕ ನ್ಯಾಯಾಲಯ ಇಡೀ ಚುನಾವಣೆಯನ್ನೇ ರದ್ದು ಮಾಡಿತ್ತು. ಮುಂದೆ ನಡೆಯಬೇಕಿದ್ದ ಎರಡನೇ ಸುತ್ತಿನ ಜೊತೆಗೆ ನವೆಂಬರ್ 24ರಂದು ನಡೆದು ಮುಗಿದಿದ್ದ ಮೊದಲ ಸುತ್ತೂ ಅಳಿಸಿಹೋಯಿತು.

ಮತಪೆಟ್ಟಿಗೆಯನ್ನು ಯಾರೂ ಕದ್ದಿರಲಿಲ್ಲ. ಎಣಿಕೆಯಲ್ಲಿ ಮೋಸವಾಗಿದೆ ಎಂದು ನ್ಯಾಯಾಲಯ ಹೇಳಲಿಲ್ಲ. ಮರುಎಣಿಕೆಗೆ ಆದೇಶಿಸಿ, ಅದು ಮುಗಿದ ಮೇಲೆ ಡಿಸೆಂಬರ್ 2ರಂದು ಮೊದಲ ಸುತ್ತಿನ ಫಲಿತಾಂಶಕ್ಕೆ ಮುದ್ರೆ ಒತ್ತಿದ್ದೂ ಇದೇ ನ್ಯಾಯಾಲಯ. ನಾಲ್ಕೇ ದಿನಗಳಲ್ಲಿ ಅದು ತನ್ನ ಮಾತನ್ನು ತಾನೇ ಹಿಂತೆಗೆದುಕೊಂಡಿತು. ಕಾರಣವಾಗಿ ಎದ್ದುಕಂಡದ್ದು ಟಿಕ್‌ಟಾಕ್ ಎಂಬ ಒಂದು ಆ್ಯಪ್ ಮತ್ತು ಅದರ ಹಿಂದೆ ಹೊರದೇಶದ ಕೈ ಇದೆ ಎಂಬ ಗುಮಾನಿ.

ಈ ಸುದ್ದಿಯನ್ನು ಓದಿದವರಿಗೆ ಗೊಂದಲವಾಗುವುದು ಸಹಜ. ವಿಡಿಯೊ ನೋಡಿ ಮತ ಹಾಕಿದ ಮಾತ್ರಕ್ಕೆ ಆ ಮತ ಅಸಿಂಧುವೇ? ಹೊರದೇಶದ ಹಣ ನಿಜವಾಗಿಯೂ ಬಂದಿದ್ದರೆ ಸುಮ್ಮನಿರುವುದು ಸರಿಯೇ? ಎರಡೂ ನ್ಯಾಯವಾದ ಪ್ರಶ್ನೆಗಳೇ. ಇವುಗಳ ಜೊತೆಗೆ ಇನ್ನೊಂದನ್ನೂ ಕೇಳಬೇಕು, ಅದನ್ನು ಕೇಳಿದವರು ಕಡಿಮೆ. ಹೊರಗಿನವರ ಪ್ರಚಾರ ಅಷ್ಟು ಸುಲಭವಾಗಿ ನಾಟುವಂತೆ ನೆಲವನ್ನು ಹದ ಮಾಡಿಕೊಟ್ಟವರು ಯಾರು?

ಖರ್ಚೇ ಇಲ್ಲದ ಅಭ್ಯರ್ಥಿ

ಮೊದಲ ಸುತ್ತಿನಲ್ಲಿ ಮೊದಲ ಸ್ಥಾನ ಪಡೆದವರು ಕಾಲಿನ್ ಜಾರ್ಜೆಸ್ಕು. ಯಾವ ಪಕ್ಷಕ್ಕೂ ಸೇರದೆ ಸ್ಪರ್ಧಿಸಿದ್ದ ಇವರು ಮಣ್ಣು ಮತ್ತು ಕೃಷಿ ವಿಜ್ಞಾನದ ಹಿನ್ನೆಲೆಯವರು. ನ್ಯಾಟೊದ ಕ್ಷಿಪಣಿ ರಕ್ಷಣಾ ನೆಲೆ ತಮ್ಮ ದೇಶದಲ್ಲಿರುವುದನ್ನು ನಾಚಿಕೆಗೇಡು ಎಂದವರು. ಎರಡನೇ ಮಹಾಯುದ್ಧದಲ್ಲಿ ಹಿಟ್ಲರನ ಜೊತೆ ನಿಂತ ಅಯೋನ್ ಆಂಟೊನೆಸ್ಕುವನ್ನು ಹೊಗಳಿದವರು. ಮತದಾನಕ್ಕೆ ಕೆಲವು ವಾರಗಳ ಮುಂಚಿನ ಸಮೀಕ್ಷೆಗಳಲ್ಲಿ ಅವರಿಗಿದ್ದದ್ದು ಒಂದಂಕಿಯ ಶೇಕಡಾವಾರು ಬೆಂಬಲ. ಮುಖ್ಯವಾಹಿನಿಯ ಟಿವಿ ಅವರತ್ತ ಹೆಚ್ಚು ಗಮನ ಕೊಟ್ಟಿರಲೇ ಇಲ್ಲ.

ಅಂಥವರಿಗೆ ಬಿದ್ದದ್ದು 21.2 ಲಕ್ಷ ಮತ, ಅಂದರೆ ಶೇ 22.94. ಎರಡನೇ ಸ್ಥಾನಕ್ಕೆ ಬಂದ ಎಲೆನಾ ಲಾಸ್ಕೋನಿ ಮತ್ತು ಮೂರನೇ ಸ್ಥಾನಕ್ಕೆ ಜಾರಿದ ಅಂದಿನ ಪ್ರಧಾನಿ ಮಾರ್ಸೆಲ್ ಚೊಲಾಕು ನಡುವಿನ ಅಂತರ ಬರೀ 2,740 ಮತ. 1989ರ ಕ್ರಾಂತಿಯ ನಂತರದ ಅಧ್ಯಕ್ಷೀಯ ಚುನಾವಣೆಗಳಲ್ಲಿ ಚೊಲಾಕು ಅವರ ಸೋಷಿಯಲ್ ಡೆಮಾಕ್ರಟಿಕ್ ಪಕ್ಷ ಎರಡನೇ ಸುತ್ತಿಗೆ ಬರದೆ ಹೋದದ್ದು ಇದೇ ಮೊದಲು.

ಹೊರದೇಶಗಳಲ್ಲಿ ದುಡಿಯುವ ರೊಮೇನಿಯನ್ನರಲ್ಲಂತೂ ಜಾರ್ಜೆಸ್ಕು ಪಡೆದ ಪಾಲು ಶೇ 43ರಷ್ಟು. ಇಷ್ಟೆಲ್ಲ ಆದರೂ, ಪ್ರಚಾರಕ್ಕೆ ಮಾಡಿದ ಖರ್ಚು ಎಷ್ಟು ಎಂದು ಚುನಾವಣಾ ಪ್ರಾಧಿಕಾರಕ್ಕೆ ಅವರು ಕೊಟ್ಟ ಲೆಕ್ಕದಲ್ಲಿ ಇದ್ದದ್ದು ಸೊನ್ನೆ.

ಒಂದೂ ಮುಕ್ಕಾಲು ಕೋಟಿಗಿಂತ ಹೆಚ್ಚು ಮತದಾರರಿರುವ ದೇಶದಲ್ಲಿ ಬಿಡಿಗಾಸು ಖರ್ಚು ಮಾಡದೆ 21 ಲಕ್ಷ ಮತ ಬಂತು ಎಂದರೆ ಯಾರಾದರೂ ಹುಬ್ಬೇರಿಸುತ್ತಾರೆ. ಅನುಮಾನ ಹುಟ್ಟಿದ್ದು ಅಲ್ಲಿಂದ.

ಕಡತಗಳಲ್ಲಿ ಇದ್ದದ್ದು, ಇಲ್ಲದ್ದು

ಡಿಸೆಂಬರ್ 4ರಂದು ಅಂದಿನ ಅಧ್ಯಕ್ಷ ಕ್ಲಾಸ್ ಯೊಹಾನಿಸ್ ಅವರು ದೇಶದ ಉನ್ನತ ರಕ್ಷಣಾ ಮಂಡಳಿಯ ಮುಂದೆ ಬಂದಿದ್ದ ಗುಪ್ತಚರ ವರದಿಗಳನ್ನು ಬಹಿರಂಗಗೊಳಿಸಿದರು. ಅವುಗಳ ಪ್ರಕಾರ ಸುಮಾರು 25,000 ಟಿಕ್‌ಟಾಕ್ ಖಾತೆಗಳು ಮತದಾನಕ್ಕೆ ಎರಡು ವಾರ ಇರುವಾಗ ಒಮ್ಮೆಲೇ ಚುರುಕಾದವು. ಅವುಗಳಲ್ಲಿ 797 ಖಾತೆಗಳನ್ನು 2016ರಲ್ಲೇ ತೆರೆಯಲಾಗಿತ್ತು. ಎಂಟು ವರ್ಷ ಹೆಚ್ಚುಕಡಿಮೆ ಮಲಗಿದ್ದ ಆ ಖಾತೆಗಳು 2024ರ ನವೆಂಬರ್ 11ರಂದು ಎದ್ದು ಕೂತವು. ಒಂದೇ ಖಾತೆಯಿಂದ ಒಂದು ತಿಂಗಳಲ್ಲಿ 3,81,000 ಡಾಲರ್‌ನಷ್ಟು ಹಣ ಜಾರ್ಜೆಸ್ಕು ಪರ ವಿಡಿಯೊ ಹಾಕಿದವರಿಗೆ ಹರಿದಿತ್ತು. ಆ ಖಾತೆ ರೊಮೇನಿಯಾದವರೇ ಆದ ಒಬ್ಬ ಉದ್ಯಮಿಯದು ಎನ್ನಲಾಯಿತು. ಚುನಾವಣಾ ಕಂಪ್ಯೂಟರ್ ಜಾಲದ ಮೇಲೆ 85,000ಕ್ಕೂ ಹೆಚ್ಚು ಸೈಬರ್ ದಾಳಿಯ ಯತ್ನಗಳು ನಡೆದಿದ್ದವು.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ರೊಮೇನಿಯಾ ರಷ್ಯಾದ ಕಣ್ಣಿನಲ್ಲಿ ಶತ್ರು ದೇಶ, ರಷ್ಯಾ ಬೇರೆಡೆ ಬಳಸಿದ ವಿಧಾನಗಳನ್ನೇ ಇದು ಹೋಲುತ್ತದೆ ಎಂದು ಆ ಕಡತಗಳು ಹೇಳಿದವು. ಹಣ ಮಾಸ್ಕೊದಿಂದ ಹೊರಟು ಇಂಥ ದಾರಿಯಲ್ಲಿ ಬಂದು ಇಂಥವರ ಕೈ ಸೇರಿತು ಎಂಬ ನೇರ ಪುರಾವೆಯನ್ನು ಮಾತ್ರ ಅವು ಸಾರ್ವಜನಿಕರ ಮುಂದೆ ಇಡಲಿಲ್ಲ. ಒಂದು ಕೆಲಸ ಯಾರ ಶೈಲಿಯಲ್ಲಿದೆ ಎಂದು ಹೇಳುವುದು ಬೇರೆ, ಅದನ್ನು ಮಾಡಿದವರು ಇವರೇ ಎಂದು ತೋರಿಸುವುದು ಬೇರೆ. ಗುಪ್ತಚರ ಸಂಸ್ಥೆಗೆ ಮೊದಲನೆಯದು ಸಾಕಾಗಬಹುದು. ಒಂದು ದೇಶದ ಮತದಾನವನ್ನೇ ರದ್ದು ಮಾಡುವ ನ್ಯಾಯಾಲಯಕ್ಕೆ ಅದು ಸಾಕೇ ಎಂಬುದರ ಸುತ್ತಲೇ ಮುಂದಿನ ಜಗಳವೆಲ್ಲ ನಡೆಯಿತು.

ಹೆಸರೇ ಹೇಳದ ವಿಡಿಯೊಗಳು

ಈ ಪ್ರಚಾರ ಹೇಗೆ ನಡೆಯಿತು ಎಂಬುದನ್ನು ಹತ್ತಿರದಿಂದ ನೋಡಿದರೆ ಇಂದಿನ ಚುನಾವಣೆಗಳ ಬಗ್ಗೆ ಬಹಳಷ್ಟು ತಿಳಿಯುತ್ತದೆ.

ಅಡುಗೆ, ಮೇಕಪ್, ವ್ಯಾಯಾಮ, ತಮಾಷೆ ಎಂದು ಸಣ್ಣ ವಿಡಿಯೊ ಮಾಡಿ ಹಾಕುವ ಸಾವಿರಾರು ಜನ ಎಲ್ಲ ದೇಶಗಳಲ್ಲೂ ಇದ್ದಾರೆ. ಇಂಥವರನ್ನೂ ಜಾಹೀರಾತು ಕೊಡುವವರನ್ನೂ ಕೂಡಿಸುವ ಮಧ್ಯವರ್ತಿ ತಾಣಗಳಿವೆ. ಸಾಬೂನಿಗೋ ಶಾಂಪೂಗೋ ಹೀಗೆ ಕೆಲಸ ಬರುವುದು ರೂಢಿ. 2024ರ ನವೆಂಬರ್‌ನಲ್ಲಿ ಅಂಥ ಒಂದು ತಾಣದ ಮೂಲಕ ರೊಮೇನಿಯಾದ ನೂರಕ್ಕೂ ಹೆಚ್ಚು ವಿಡಿಯೊಗಾರರಿಗೆ ಬಂದ ಕೆಲಸದ ತಲೆಬರಹ ‘ಸಮತೋಲನ ಮತ್ತು ನೆಟ್ಟಗಿನ ನಡೆ’ ಎಂಬ ಅರ್ಥದ ಹ್ಯಾಶ್‌ಟ್ಯಾಗ್. ದೇಶಕ್ಕೆ ಎಂಥ ಅಧ್ಯಕ್ಷ ಬೇಕು ಎಂದು ಮಾತನಾಡಿ ಎನ್ನುವುದಷ್ಟೇ ಸೂಚನೆ. ಯಾರ ಹೆಸರನ್ನೂ ಹೇಳುವಂತಿಲ್ಲ. ಸ್ಥಿರತೆ ಇರುವವನು, ದೇಶವನ್ನು ಪ್ರೀತಿಸುವವನು, ಪ್ರಾಮಾಣಿಕ ಎಂದು ಗುಣಗಳನ್ನು ಹೇಳಿ ಮುಗಿಸಿದರೆ ಕೆಲಸ ಮುಗಿಯಿತು.

ಹೆಸರು ಬಂದದ್ದು ವಿಡಿಯೊದ ಕೆಳಗೆ, ಜನ ಬರೆಯುವ ಪ್ರತಿಕ್ರಿಯೆಗಳಲ್ಲಿ. ವಿಡಿಯೊ ಹಾಕಿದ ಸ್ವಲ್ಪ ಹೊತ್ತಿನಲ್ಲೇ ‘ಕಾಲಿನ್ ಜಾರ್ಜೆಸ್ಕು’ ಎಂಬ ಎರಡು ಪದಗಳು ಸಾಲು ಸಾಲಾಗಿ ಬಂದು ತುಂಬಿಕೊಳ್ಳುತ್ತಿದ್ದವು. ಪ್ರತಿಕ್ರಿಯೆ ಹೆಚ್ಚಿದಷ್ಟೂ ಆ್ಯಪ್ ಆ ವಿಡಿಯೊವನ್ನು ಹೆಚ್ಚು ಜನರಿಗೆ ತೋರಿಸುತ್ತದೆ. ನೋಡುವವರ ಕಣ್ಣಿಗೆ ಬೀಳುವುದೇನು? ತನಗೆ ಇಷ್ಟವಾದ ಹುಡುಗಿಯೊಬ್ಬಳು ಒಳ್ಳೆಯ ನಾಯಕನ ಬಗ್ಗೆ ಮಾತನಾಡುತ್ತಿದ್ದಾಳೆ, ಅವನು ಯಾರೆಂದು ನೂರಾರು ಜನಸಾಮಾನ್ಯರು ತಾವಾಗಿಯೇ ಹೇಳುತ್ತಿದ್ದಾರೆ. ಇದು ಜಾಹೀರಾತು ಎಂಬ ಭಾವನೆಯೇ ಬರುವುದಿಲ್ಲ. ನೆರೆಹೊರೆಯವರ ಮಾತಿನಂತೆ ಕೇಳಿಸುತ್ತದೆ.

ಕಾನೂನು ತಪ್ಪಿದ್ದೂ ಇಲ್ಲಿಯೇ. ಚುನಾವಣಾ ಪ್ರಚಾರದ ಸಾಮಗ್ರಿಯ ಮೇಲೆ ಗುರುತಿನ ಸಂಖ್ಯೆ ಇರಬೇಕು, ಅದು ಯಾರ ಲೆಕ್ಕಕ್ಕೆ ಸೇರುತ್ತದೆ ಎಂದು ತಿಳಿಯಬೇಕು ಎಂಬುದು ರೊಮೇನಿಯಾದ ನಿಯಮ. ಹಣ ಪಡೆದು ರಾಜಕೀಯ ಪ್ರಚಾರ ಮಾಡುವುದನ್ನು ಟಿಕ್‌ಟಾಕ್ ತನ್ನದೇ ನಿಯಮದಲ್ಲಿ ನಿಷೇಧಿಸಿದೆ. ಗುರುತು ಹಾಕಿಕೊಂಡು ಬಂದ ಉಳಿದ ಅಭ್ಯರ್ಥಿಗಳ ವಿಡಿಯೊಗಳು ರಾಜಕೀಯ ಪ್ರಚಾರ ಎಂದು ಎಣಿಸಲ್ಪಟ್ಟು ಹಿಂದೆ ಬಿದ್ದವು. ಗುರುತಿಲ್ಲದೆ ಬಂದದ್ದು ಮನರಂಜನೆಯ ಸಾಲಿನಲ್ಲಿ ಮುಂದೆ ಓಡಿತು. ನಿಯಮ ಪಾಲಿಸಿದವರಿಗೆ ನಷ್ಟ, ಮುರಿದವರಿಗೆ ಲಾಭ. ಅಭ್ಯರ್ಥಿಗಳ ನಡುವಿನ ಸಮಾನ ಅವಕಾಶ ಹಾಳಾಯಿತು ಎಂದು ನ್ಯಾಯಾಲಯ ಹೇಳಿದ್ದರ ತಿರುಳು ಇದು. ಈ ಭಾಗದಲ್ಲಿ ಅದರ ತರ್ಕ ಗಟ್ಟಿಯಾಗಿಯೇ ಇದೆ.

ಆಳುವ ಪಕ್ಷದ ಹಣವೂ ಅದೇ ಕಾಲುವೆಯಲ್ಲಿ

ತೀರ್ಪು ಬಂದು ಎರಡು ವಾರಗಳಲ್ಲಿ ಕತೆ ಬೇರೆಯೇ ತಿರುವು ಪಡೆಯಿತು. ‘ಸ್ನೂಪ್’ ಎಂಬ ರೊಮೇನಿಯಾದ ತನಿಖಾ ಸುದ್ದಿತಾಣ ತೆರಿಗೆ ಇಲಾಖೆಯ ಪರಿಶೀಲನೆಯನ್ನು ಆಧರಿಸಿ ಒಂದು ವರದಿ ಪ್ರಕಟಿಸಿತು. ಆ ಹ್ಯಾಶ್‌ಟ್ಯಾಗ್ ಅಭಿಯಾನಕ್ಕೆ ಹಣ ಕೊಟ್ಟದ್ದು ಅಂದಿನ ಆಡಳಿತ ಮೈತ್ರಿಕೂಟದಲ್ಲಿದ್ದ ನ್ಯಾಷನಲ್ ಲಿಬರಲ್ ಪಕ್ಷ ಎಂದು ಅದು ಬರೆಯಿತು. ಒಂದು ಪ್ರಚಾರ ಸಂಸ್ಥೆಗೆ ಕೆಲಸ ವಹಿಸಿದ್ದನ್ನು ಪಕ್ಷ ಒಪ್ಪಿಕೊಂಡಿತು. ಜಾರ್ಜೆಸ್ಕು ಅವರಿಗೆ ನೆರವಾಗುವ ಉದ್ದೇಶ ಇರಲಿಲ್ಲ ಎಂದಿತು. ಅದರ ಸ್ವಂತ ಅಭ್ಯರ್ಥಿ ನಿಕೊಲಾಯೆ ಚುಕಾ ಅವರಿಗೆ ಬಂದ ಮತ ಶೇ 9ಕ್ಕಿಂತ ಕಡಿಮೆ.

ಇದರಿಂದ ಹೊರಗಿನವರ ಪಾತ್ರ ಇರಲೇ ಇಲ್ಲ ಎಂದು ತೀರ್ಮಾನಿಸಿದರೆ ತಪ್ಪಾಗುತ್ತದೆ. ಮಲಗಿದ್ದ ಖಾತೆಗಳು, ಸೈಬರ್ ದಾಳಿ, ಪ್ರತಿಕ್ರಿಯೆಗಳ ಪ್ರವಾಹ ಇವೆಲ್ಲ ಹಾಗೆಯೇ ಉಳಿಯುತ್ತವೆ. ಒಂದು ಮಾತು ಮಾತ್ರ ಸ್ಪಷ್ಟವಾಯಿತು. ಜಾಹೀರಾತನ್ನು ಜಾಹೀರಾತೆಂದು ಹೇಳದೆ ಜನರ ಮುಂದಿಡುವ ವಿದ್ಯೆ ರೊಮೇನಿಯಾದ ಪಕ್ಷಗಳಿಗೆ ಕರಗತವಾಗಿತ್ತು. ಕಾಲುವೆ ತೋಡಿದವರು ಒಳಗಿನವರು. ಅದರಲ್ಲಿ ಯಾರ ನೀರು ಹರಿಯಬೇಕು ಎಂಬುದು ಕೊನೆಗೆ ಅವರ ಕೈಯಲ್ಲಿ ಉಳಿಯಲಿಲ್ಲ.

ಸುದ್ದಿವಾಹಿನಿಗಳು ನಂಬಿಕೆ ಕಳೆದುಕೊಂಡ ಬಗೆ

ಈ ವಿದ್ಯೆಯನ್ನು ಪಕ್ಷಗಳು ಕಲಿತದ್ದು ಟಿಕ್‌ಟಾಕ್ ಬರುವುದಕ್ಕೂ ಬಹಳ ಮುಂಚೆ, ಟಿವಿ ಮತ್ತು ಸುದ್ದಿತಾಣಗಳ ಮೂಲಕ. ಹಣ ಹರಿಯುವ ದಾರಿಯನ್ನು ಹೆಜ್ಜೆ ಹೆಜ್ಜೆಯಾಗಿ ನೋಡೋಣ.

ರೊಮೇನಿಯಾದಲ್ಲಿ ಸಂಸತ್ತಿನ ಪಕ್ಷಗಳಿಗೆ ಸರ್ಕಾರದ ಬೊಕ್ಕಸದಿಂದ ವಾರ್ಷಿಕ ಅನುದಾನ ಸಿಗುತ್ತದೆ. ಸಿರಿವಂತ ಉದ್ಯಮಿಗಳ ಮುಂದೆ ಪಕ್ಷಗಳು ಕೈಚಾಚದಿರಲಿ ಎಂಬ ಒಳ್ಳೆಯ ಉದ್ದೇಶದ ಕಾನೂನು ಅದು. ಆ ಹಣವನ್ನು ಯಾವುದಕ್ಕೆ ಖರ್ಚು ಮಾಡಬಹುದು ಎಂಬ ಪಟ್ಟಿಯಲ್ಲಿ ‘ಪತ್ರಿಕೆ ಮತ್ತು ಪ್ರಚಾರ’ ಎಂಬ ಬಾಬ್ತೂ ಇದೆ. ದೊಡ್ಡ ಪಕ್ಷಗಳು ಅನುದಾನದ ದೊಡ್ಡ ಭಾಗವನ್ನು ಸುರಿಯತೊಡಗಿದ್ದು ಈ ಬಾಬ್ತಿಗೇ. ಪಕ್ಷದಿಂದ ಹೊರಟ ಹಣ ಜಾಹೀರಾತು ಮಧ್ಯವರ್ತಿಗೆ ಹೋಗುತ್ತದೆ, ಅಲ್ಲಿಂದ ಟಿವಿ ವಾಹಿನಿಗೋ ಸುದ್ದಿತಾಣಕ್ಕೋ ಸೇರುತ್ತದೆ. ಒಟ್ಟು ಮೊತ್ತ ಎಷ್ಟು ಎಂಬುದು ಚುನಾವಣಾ ಪ್ರಾಧಿಕಾರದ ಲೆಕ್ಕದಲ್ಲಿ ಸಿಗುತ್ತದೆ. ಯಾವ ವಾಹಿನಿಗೆ ಎಷ್ಟು ಹೋಯಿತು, ಅದಕ್ಕೆ ಪ್ರತಿಯಾಗಿ ಏನು ಪ್ರಸಾರವಾಯಿತು ಎಂಬುದು ಗುಟ್ಟು. ಒಪ್ಪಂದಗಳನ್ನು ಪಕ್ಷಗಳು ತೋರಿಸುವುದಿಲ್ಲ. ಹಣ ಪಡೆದ ಎಷ್ಟೋ ಬರಹಗಳ, ಸಂದರ್ಶನಗಳ ಮೇಲೆ ‘ಜಾಹೀರಾತು’ ಎಂಬ ಪದವೇ ಇರಲಿಲ್ಲ ಎಂಬುದನ್ನು ಅಲ್ಲಿನ ಸ್ವತಂತ್ರ ಪತ್ರಕರ್ತರೇ ಬಯಲಿಗೆಳೆದರು. ಯುರೋಪ್ ಒಕ್ಕೂಟದ ಕಾರ್ಯಾಂಗವಾದ ಯುರೋಪಿಯನ್ ಕಮಿಷನ್ ತನ್ನ ವಾರ್ಷಿಕ ವರದಿಗಳಲ್ಲಿ ಈ ಗುಟ್ಟಿನ ಬಗ್ಗೆ ಆತಂಕ ವ್ಯಕ್ತಪಡಿಸಿತು.

ಜನರ ತೆರಿಗೆಯ ಹಣದಿಂದಲೇ ಜನರಿಗೆ ತಲುಪುವ ಸುದ್ದಿಯನ್ನು ಕೊಳ್ಳಲಾಯಿತು. ಇದಕ್ಕಿಂತ ನೋವಿನ ವ್ಯವಹಾರ ಪ್ರಜಾಪ್ರಭುತ್ವದಲ್ಲಿ ಇನ್ನೊಂದಿರಲಾರದು.

ಪರಿಣಾಮ ಎರಡು ಬಗೆಯದು. ಒಂದು, ಪ್ರಕಟವಾದ ಹೊಗಳಿಕೆ. ಅದು ಕಣ್ಣಿಗೆ ಕಾಣುತ್ತದೆ, ಓದುಗ ಅದನ್ನು ಕಡೆಗಣಿಸಬಹುದು. ಎರಡನೆಯದು, ಪ್ರಕಟವಾಗದೆ ಹೋದ ಟೀಕೆ. ಪಕ್ಷದ ಹಣದಿಂದ ಸಂಬಳ ಕೊಡುವ ವಾಹಿನಿ ಆ ಪಕ್ಷದ ಮಂತ್ರಿಯ ಹಗರಣವನ್ನು ಅಗೆಯುವುದಿಲ್ಲ. 2021ರ ಕೊನೆಯಲ್ಲಿ, ದಶಕಗಳ ಕಾಲ ಎದುರಾಳಿಗಳಾಗಿದ್ದ ಸೋಷಿಯಲ್ ಡೆಮಾಕ್ರಟಿಕ್ ಮತ್ತು ನ್ಯಾಷನಲ್ ಲಿಬರಲ್ ಪಕ್ಷಗಳು ಒಟ್ಟಾಗಿ ಸರ್ಕಾರ ರಚಿಸಿದ ಮೇಲೆ ಈ ಮೌನ ಇಮ್ಮಡಿಯಾಯಿತು. ಮೊದಲು ಒಬ್ಬರ ವಾಹಿನಿ ಇನ್ನೊಬ್ಬರ ಹುಳುಕನ್ನಾದರೂ ಹೇಳುತ್ತಿತ್ತು. ಈಗ ಅದೂ ನಿಂತಿತು. ಹೊರಗೆ ಹಣದುಬ್ಬರ ಯುರೋಪ್ ಒಕ್ಕೂಟದಲ್ಲೇ ಅತಿ ಹೆಚ್ಚಿನ ಮಟ್ಟದಲ್ಲಿತ್ತು. ಗಡಿಯಾಚೆ ಉಕ್ರೇನ್‌ನಲ್ಲಿ ಯುದ್ಧ ನಡೆದಿತ್ತು. ಲಕ್ಷಾಂತರ ಕುಟುಂಬಗಳ ಮಕ್ಕಳು ಇಟಲಿ, ಜರ್ಮನಿ, ಸ್ಪೇನ್‌ಗಳಲ್ಲಿ ದುಡಿಯುತ್ತಿದ್ದರು. ಇವರ ಅಸಮಾಧಾನಕ್ಕೆ ಟಿವಿ ಪರದೆಯ ಮೇಲೆ ಜಾಗ ಇರಲಿಲ್ಲ.

ಹಾಗೆ ದೂರ ಸರಿದ ನೋಡುಗರು ಮೊಬೈಲ್‌ಗೆ ಬಂದರು. ಸುಮಾರು 1.9 ಕೋಟಿ ಜನಸಂಖ್ಯೆಯ ದೇಶದಲ್ಲಿ ಟಿಕ್‌ಟಾಕ್ ಬಳಸುವವರು 90 ಲಕ್ಷದಷ್ಟು. ಟಿವಿ ಸುಳ್ಳು ಹೇಳುತ್ತದೆ ಎಂಬ ಅವರ ಅನುಮಾನದಲ್ಲಿ ಅರ್ಧ ನಿಜವಿತ್ತು. ಆದ್ದರಿಂದಲೇ, ಟಿವಿಯಲ್ಲಿ ಕಾಣಿಸದ ಮನುಷ್ಯ ಪ್ರಾಮಾಣಿಕನಿರಬೇಕು ಎಂಬ ತೀರ್ಮಾನಕ್ಕೆ ಬರುವುದು ಅವರಿಗೆ ಸುಲಭವಾಯಿತು. ವಾಹಿನಿಗಳು ಜಾರ್ಜೆಸ್ಕು ಅವರನ್ನು ಕಡೆಗಣಿಸಿದ್ದೇ ಅವರಿಗೆ ಅರ್ಹತಾಪತ್ರವಾಯಿತು. ಅವರು ಹೇಳುತ್ತಿದ್ದುದನ್ನು ಪರಿಶೀಲಿಸಿ ಜನರ ಮುಂದಿಡಬೇಕಾಗಿದ್ದ ಪತ್ರಕರ್ತರು ಆ ಕೆಲಸಕ್ಕೆ ಇಳಿದದ್ದು ಮತ ಎಣಿಕೆಯ ಮರುದಿನ. ಅಷ್ಟರಲ್ಲಿ ಆ ಪರಿಶೀಲನೆಯನ್ನು ನಂಬುವವರು ಕಡಿಮೆಯಾಗಿದ್ದರು.

ಪಕ್ಷಪಾತ ಒಂದೇ ಕಡೆಯದಾಗಿರಲಿಲ್ಲ ಎಂಬುದನ್ನೂ ಹೇಳಬೇಕು. ಚುನಾವಣೆ ರದ್ದಾದ ಮೇಲೆ ‘ರಿಯಾಲಿಟಾಟೆಯಾ ಪ್ಲಸ್’ ಎಂಬ ಸುದ್ದಿವಾಹಿನಿ ಜಾರ್ಜೆಸ್ಕು ಪರ ಬಹಿರಂಗವಾಗಿಯೇ ನಿಂತಿತು. ಪ್ರಸಾರ ನಿಯಂತ್ರಣ ಮಂಡಳಿ ಅದಕ್ಕೆ ಮತ್ತೆ ಮತ್ತೆ ದಂಡ ವಿಧಿಸಿತು. ದಂಡ ಬಿದ್ದಷ್ಟೂ ಅದರ ನೋಡುಗರಿಗೆ ಅದರ ಮೇಲಿನ ನಂಬಿಕೆ ಬಲವಾಯಿತು.

ನ್ಯಾಯಾಲಯ ಮಾಡಿದ್ದು ಸರಿಯೇ?

ತೀರ್ಪಿನ ಪರ ಇರುವವರ ವಾದ ಹೀಗಿದೆ. ಅಧ್ಯಕ್ಷರ ಚುನಾವಣೆಯ ಕ್ರಮ ಸರಿಯಾಗಿ ಪಾಲನೆಯಾಗುವಂತೆ ನೋಡಿಕೊಳ್ಳುವ ಹೊಣೆಯನ್ನು ಸಂವಿಧಾನದ 146ನೇ ವಿಧಿ ಈ ನ್ಯಾಯಾಲಯಕ್ಕೇ ಕೊಟ್ಟಿದೆ. ಲೆಕ್ಕಕ್ಕೆ ಸಿಗದ ಹಣ, ಗುರುತಿಲ್ಲದ ಪ್ರಚಾರ, ಕೃತಕವಾಗಿ ಹೆಚ್ಚಿಸಿದ ಜನಪ್ರಿಯತೆ ಇವೆಲ್ಲ ಸೇರಿ ಮತದಾನದ ಮುಕ್ತತೆಯನ್ನೇ ಕೆಡಿಸಿವೆ. ಎರಡನೇ ಸುತ್ತು ಮುಗಿದು ಅಧ್ಯಕ್ಷರು ಅಧಿಕಾರಕ್ಕೆ ಬಂದ ಮೇಲೆ ತಿದ್ದಲು ದಾರಿಯೇ ಇರುವುದಿಲ್ಲ. ಸೇನೆಯ ದಂಡನಾಯಕತ್ವ ಇರುವ ಹುದ್ದೆಯ ವಿಷಯದಲ್ಲಿ, ಉಕ್ರೇನ್ ಯುದ್ಧದ ನೆರೆಯಲ್ಲಿರುವ ದೇಶ ಅಂಥ ಅಪಾಯವನ್ನು ಮೈಮೇಲೆ ಎಳೆದುಕೊಳ್ಳಲಾಗದು. ತೀರ್ಪು ಒಮ್ಮತದ್ದಾಗಿತ್ತು. ಪ್ರಧಾನಿ ಚೊಲಾಕು ಅದನ್ನು ಸ್ವಾಗತಿಸಿದರು.

ವಿರೋಧಿಸಿದವರಲ್ಲಿ ಮೊದಲ ಸಾಲಿನಲ್ಲಿ ನಿಂತವರು ಜಾರ್ಜೆಸ್ಕು ಅವರ ಎದುರಾಳಿ ಎಲೆನಾ ಲಾಸ್ಕೋನಿ. ಯುರೋಪ್ ಪರ ನಿಲುವಿನವರಾದ ಅವರು, ಎರಡನೇ ಸುತ್ತಿನಲ್ಲಿ ತಾವು ಗೆಲ್ಲಬಹುದಿತ್ತು, ಜನರೇ ತೀರ್ಮಾನಿಸಬೇಕಿತ್ತು ಎಂದರು. ಈ ತೀರ್ಪನ್ನು ರಷ್ಯಾ ಪರ, ರಷ್ಯಾ ವಿರೋಧಿ ಎಂದು ಎರಡೇ ಬಣವಾಗಿ ನೋಡಲು ಬರುವುದಿಲ್ಲ ಎನ್ನುವುದಕ್ಕೆ ಲಾಸ್ಕೋನಿ ಅವರ ನಿಲುವೇ ಸಾಕ್ಷಿ.

2025ರ ಫೆಬ್ರುವರಿ 14ರಂದು ಮ್ಯೂನಿಕ್‌ನಲ್ಲಿ ಅಮೆರಿಕದ ಉಪಾಧ್ಯಕ್ಷ ಜೆ.ಡಿ. ವ್ಯಾನ್ಸ್ ಈ ವಿಷಯವನ್ನೇ ಎತ್ತಿಕೊಂಡರು. ಹೊರದೇಶವೊಂದರ ಕೆಲವು ಲಕ್ಷ ಡಾಲರ್ ಜಾಹೀರಾತಿಗೆ ಕುಸಿಯುವ ಪ್ರಜಾಪ್ರಭುತ್ವ ಮೊದಲಿನಿಂದಲೂ ದುರ್ಬಲವೇ ಆಗಿತ್ತು ಎಂಬ ಅರ್ಥದ ಮಾತು ಅವರದು. ಅದರಲ್ಲಿ ಚುಚ್ಚುವ ಸತ್ಯ ಇದೆ. ಆದರೆ ರೊಮೇನಿಯಾ ಮರುಚುನಾವಣೆಗೆ ಸಿದ್ಧವಾಗುತ್ತಿದ್ದ ಹೊತ್ತಿನಲ್ಲಿ ಬಲಾಢ್ಯ ದೇಶದ ಉಪಾಧ್ಯಕ್ಷರು ಹೀಗೆ ಮಾತನಾಡುವುದೂ ಹೊರಗಿನ ಪ್ರಭಾವವೇ ಅಲ್ಲವೇ? ರಹಸ್ಯವಾಗಿ ಬಂದರೆ ತಪ್ಪು, ವೇದಿಕೆಯ ಮೇಲಿಂದ ಬಂದರೆ ಸರಿ ಎಂಬ ವಾದಕ್ಕೆ ಒಂದು ಆಧಾರವಿದೆ. ಮಾತನಾಡುತ್ತಿರುವವರು ಯಾರೆಂದು ಮತದಾರನಿಗೆ ಗೊತ್ತಿರುತ್ತದೆ ಎಂಬುದೇ ಆ ಆಧಾರ.

ನನಗೆ ಹೆಚ್ಚು ತೂಕವುಳ್ಳದ್ದಾಗಿ ಕಂಡದ್ದು ವೆನಿಸ್ ಆಯೋಗದ ಅಭಿಪ್ರಾಯ. ಇದು ಯುರೋಪ್ ಮಂಡಳಿಯ ಸಾಂವಿಧಾನಿಕ ಸಲಹಾ ಸಂಸ್ಥೆ. 2025ರ ಜನವರಿಯ ವರದಿಯಲ್ಲಿ ಅದು ಹೇಳಿದ್ದನ್ನು ಹೀಗೆ ಸಂಗ್ರಹಿಸಬಹುದು. ಚುನಾವಣೆಯನ್ನು ರದ್ದು ಮಾಡುವುದು ಬೇರೆ ಯಾವ ದಾರಿಯೂ ಇಲ್ಲದಾಗ ಹಿಡಿಯುವ ಕೊನೆಯ ಅಸ್ತ್ರ. ಅಕ್ರಮ ಫಲಿತಾಂಶವನ್ನು ಬದಲಿಸುವಷ್ಟು ದೊಡ್ಡದಿರಬೇಕು. ಬರೀ ಗುಪ್ತಚರ ಮಾಹಿತಿಯನ್ನು ನಂಬಿ ತೀರ್ಪು ಕೊಡಬಾರದು, ಏಕೆಂದರೆ ಅದನ್ನು ಯಾರೂ ಪರೀಕ್ಷಿಸಲಾಗದು. ಸಂಬಂಧಪಟ್ಟವರಿಗೆ ತಮ್ಮ ಮಾತು ಹೇಳಲು, ಸಾಕ್ಷ್ಯ ಮುಂದಿಡಲು ಅವಕಾಶ ಇರಬೇಕು. ರೊಮೇನಿಯಾದ ತೀರ್ಪು ಸರಿಯೋ ತಪ್ಪೋ ಎಂದು ಆಯೋಗ ಹೇಳಲಿಲ್ಲ, ಅದು ಅದರ ಕೆಲಸವೂ ಆಗಿರಲಿಲ್ಲ. ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು, ಕಡತ ಬಹಿರಂಗವಾದ ಎರಡನೇ ದಿನಕ್ಕೆ ತೀರ್ಪು ಕೊಟ್ಟ ನ್ಯಾಯಾಲಯವನ್ನು ಈ ಅಳತೆಗೋಲುಗಳ ಪಕ್ಕ ನಿಲ್ಲಿಸಿದರೆ ಕೊರತೆ ತಾನಾಗಿ ಕಾಣುತ್ತದೆ. ಅಪಾಯ ನಿಜವಾಗಿದ್ದರೂ ಅದನ್ನು ಎದುರಿಸಿದ ರೀತಿ ಜನರಿಗೆ ಮನವರಿಕೆಯಾಗುವಂತೆ ಇರಲಿಲ್ಲ.

ಪಕ್ಕದ ಮಾಲ್ಡೋವಾ ಹಿಡಿದ ದಾರಿ

ಹೋಲಿಕೆಗೆ ನೆರೆಯ ಮಾಲ್ಡೋವಾ ಇದೆ. 2024ರ ಅಕ್ಟೋಬರ್ 20ರಂದು ಅಲ್ಲಿ ಯುರೋಪ್ ಒಕ್ಕೂಟ ಸೇರುವ ಬಗ್ಗೆ ಜನಮತಗಣನೆ ನಡೆಯಿತು. ಪೊಲೀಸರ ಪ್ರಕಾರ ರಷ್ಯಾಕ್ಕೆ ಓಡಿಹೋಗಿರುವ ಉದ್ಯಮಿ ಇಲಾನ್ ಶೋರ್ ಅವರ ಜಾಲದಿಂದ 1.3 ಲಕ್ಷಕ್ಕೂ ಹೆಚ್ಚು ಜನರಿಗೆ ಹಣ ಸಂದಾಯವಾಗಿತ್ತು. ಸೆಪ್ಟೆಂಬರ್ ಒಂದರಲ್ಲೇ ರಷ್ಯಾದ ಬ್ಯಾಂಕ್ ಮೂಲಕ 1.5 ಕೋಟಿ ಡಾಲರ್ ಬಂದಿತ್ತು. ಫಲಿತಾಂಶ ಬಂದಾಗ ಒಕ್ಕೂಟದ ಪರ ಬಿದ್ದದ್ದು ಶೇ 50.35, ಅಂತರ ಹತ್ತು ಸಾವಿರ ಮತಗಳ ಆಸುಪಾಸು.

ಅಲ್ಲಿ ಯಾರೂ ಮತದಾನವನ್ನು ರದ್ದು ಮಾಡಲಿಲ್ಲ. ಪೊಲೀಸರು ಮತದಾನಕ್ಕೆ ಮುಂಚೆಯೇ ಹಣದ ಜಾಡನ್ನು, ಖಾತೆಗಳ ಸಂಖ್ಯೆಯನ್ನು ಪತ್ರಿಕಾಗೋಷ್ಠಿಯಲ್ಲಿ ಹೇಳುತ್ತಾ ಹೋದರು. ಗೆದ್ದವರು ಅಧಿಕಾರದಲ್ಲಿದ್ದವರೇ ಆದ್ದರಿಂದ ರದ್ದು ಮಾಡುವ ಆಸೆ ಯಾರಿಗೂ ಬರಲಿಲ್ಲ ಎಂದು ವಾದಿಸಬಹುದು, ಅದನ್ನು ತಳ್ಳಿಹಾಕಲಾಗದು. ಆದರೂ ವಿಷಯವನ್ನು ಮತದಾನಕ್ಕೆ ಮೊದಲು ಹೇಳುವುದಕ್ಕೂ ಫಲಿತಾಂಶ ಬಂದ ಮೇಲೆ ಹೇಳುವುದಕ್ಕೂ ವ್ಯತ್ಯಾಸ ಬಹಳ. ಮೊದಲು ಹೇಳಿದರೆ ಅದು ಎಚ್ಚರಿಕೆ. ಸೋತ ಮೇಲೆ ಹೇಳಿದರೆ ಜನರ ಕಿವಿಗೆ ಅದು ನೆಪದಂತೆ ಕೇಳಿಸುತ್ತದೆ.

ನಮ್ಮಲ್ಲಿ ಇದರ ಮುಖ

ಕನ್ನಡದ ಓದುಗರಿಗೆ ಇದು ದೂರದ ಕತೆಯಾಗಿ ಕಾಣಬೇಕಿಲ್ಲ. ಸುದ್ದಿಯ ವೇಷದ ಜಾಹೀರಾತಿಗೆ ನಮ್ಮ ಭಾಷೆಯಲ್ಲಿ ‘ಕಾಸಿಗಾಗಿ ಸುದ್ದಿ’ ಎಂಬ ಪದವೇ ಚಾಲ್ತಿಯಲ್ಲಿದೆ. 2009ರ ಮಹಾರಾಷ್ಟ್ರ ಚುನಾವಣೆಯಲ್ಲಿ ಬೇರೆ ಬೇರೆ ಪತ್ರಿಕೆಗಳಲ್ಲಿ ಒಬ್ಬ ನಾಯಕರ ಬಗ್ಗೆ ಅಕ್ಷರಶಃ ಒಂದೇ ಆದ ಹೊಗಳಿಕೆಯ ಬರಹಗಳು ಬಂದದ್ದು ದೊಡ್ಡ ಚರ್ಚೆಯಾಯಿತು. ಭಾರತೀಯ ಪತ್ರಿಕಾ ಮಂಡಳಿಯ ಉಪಸಮಿತಿ 2010ರಲ್ಲಿ ಈ ಪಿಡುಗಿನ ಬಗ್ಗೆ ಹೆಸರುಗಳ ಸಮೇತ ವರದಿ ಸಿದ್ಧಪಡಿಸಿತು. ಮಂಡಳಿ ಅದರ ಮೊಟಕು ರೂಪವನ್ನಷ್ಟೇ ಹೊರಬಿಟ್ಟಿತು. ಪೂರ್ಣ ವರದಿ ಹೊರಬರಲು ಕೇಂದ್ರ ಮಾಹಿತಿ ಆಯೋಗದ ಆದೇಶವೇ ಬೇಕಾಯಿತು.

2011ರಲ್ಲಿ ಉತ್ತರ ಪ್ರದೇಶದ ಬಿಸೌಲಿ ಕ್ಷೇತ್ರದ ಶಾಸಕಿ ಉಮ್ಲೇಶ್ ಯಾದವ್ ಅವರನ್ನು ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಿತು. 2007ರ ಚುನಾವಣೆಯಲ್ಲಿ ಸುದ್ದಿಯ ರೂಪದಲ್ಲಿ ಬಂದ ಜಾಹೀರಾತಿನ ಖರ್ಚನ್ನು ಲೆಕ್ಕದಲ್ಲಿ ತೋರಿಸಿರಲಿಲ್ಲ ಎಂಬುದು ಕಾರಣ. ಮೊತ್ತ 21,250 ರೂಪಾಯಿ. ಮೊತ್ತ ಚಿಕ್ಕದು. ಆದರೂ ಕಾಸಿಗಾಗಿ ಸುದ್ದಿಯ ಕಾರಣಕ್ಕೆ ನಮ್ಮ ದೇಶದಲ್ಲಿ ಜನಪ್ರತಿನಿಧಿಯೊಬ್ಬರು ಅನರ್ಹರಾದದ್ದು ಅದೇ ಮೊದಲು. ಈಗ ಕರ್ನಾಟಕವೂ ಸೇರಿದಂತೆ ಎಲ್ಲ ರಾಜ್ಯಗಳಲ್ಲಿ ಚುನಾವಣೆಯ ಹೊತ್ತಿಗೆ ಜಿಲ್ಲೆಗೊಂದು ಮಾಧ್ಯಮ ಪ್ರಮಾಣೀಕರಣ ಮತ್ತು ಮೇಲ್ವಿಚಾರಣಾ ಸಮಿತಿ (ಎಂಸಿಎಂಸಿ) ಪತ್ರಿಕೆ, ಟಿವಿಗಳನ್ನು ಗಮನಿಸುತ್ತದೆ. ಅಭ್ಯರ್ಥಿಯ ಖರ್ಚಿಗೆ ಮಿತಿ ಇದೆ. ದೊಡ್ಡ ರಾಜ್ಯಗಳಲ್ಲಿ ಲೋಕಸಭೆಗೆ 95 ಲಕ್ಷ, ವಿಧಾನಸಭೆಗೆ 40 ಲಕ್ಷ ರೂಪಾಯಿ. ಪಕ್ಷಗಳ ಖರ್ಚಿಗೆ ಮಿತಿಯೇ ಇಲ್ಲ. ಟಿಕ್‌ಟಾಕ್ 2020ರ ಜೂನ್‌ನಿಂದ ಭಾರತದಲ್ಲಿ ನಿಷೇಧವಾಗಿದೆ, ಆದರೆ ರೀಲ್ಸ್ ಮತ್ತು ಶಾರ್ಟ್ಸ್ ಮಾಡುವವರು ಊರೂರಲ್ಲಿದ್ದಾರೆ. ಹೆಸರೇ ಹೇಳದೆ ‘ನಮಗೆ ಎಂಥ ನಾಯಕ ಬೇಕು’ ಎಂದು ಮಾತನಾಡುವ ಒಂದು ರೀಲ್ ಯಾರ ಲೆಕ್ಕಕ್ಕೆ ಸೇರಬೇಕು? ಪತ್ರಿಕೆಯ ಪುಟ ಅಳೆದು ಜಾಹೀರಾತಿನ ದರ ಹಾಕುವ ಸಮಿತಿಗೆ ಇದನ್ನು ಹಿಡಿಯುವುದು ಸುಲಭವಲ್ಲ.

ಹೊರದೇಶದ ಹಣದ ವಿಷಯದಲ್ಲಿ ನಮ್ಮ ದಾಖಲೆಯೂ ಹೆಮ್ಮೆಪಡುವಂಥದ್ದಲ್ಲ. ಬಿಜೆಪಿ ಮತ್ತು ಕಾಂಗ್ರೆಸ್ ಎರಡೂ ವಿದೇಶಿ ಮೂಲದ ಕಂಪನಿ ಸಮೂಹದಿಂದ ದೇಣಿಗೆ ಪಡೆದು ವಿದೇಶಿ ದೇಣಿಗೆ ಕಾಯ್ದೆಯನ್ನು ಉಲ್ಲಂಘಿಸಿವೆ ಎಂದು 2014ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಹೇಳಿತು. 2016ರ ಮತ್ತು 2018ರ ಹಣಕಾಸು ಕಾಯ್ದೆಗಳ ಮೂಲಕ ‘ವಿದೇಶಿ ಮೂಲ’ದ ವ್ಯಾಖ್ಯೆಯನ್ನೇ ಬದಲಿಸಿ, ಅದನ್ನು 1976ರಿಂದ ಪೂರ್ವಾನ್ವಯ ಮಾಡಲಾಯಿತು. ತಪ್ಪನ್ನು ತಿದ್ದುವ ಬದಲು ಕಾನೂನನ್ನೇ ತಿದ್ದಿದರು.

ಇನ್ನೊಂದು ಘಟನೆ 2025ರ ಫೆಬ್ರುವರಿಯದು. ಭಾರತದಲ್ಲಿ ಮತದಾನ ಹೆಚ್ಚಿಸಲು ಇಟ್ಟಿದ್ದ 2.1 ಕೋಟಿ ಡಾಲರ್ ರದ್ದು ಮಾಡಿದ್ದೇವೆ ಎಂದು ಅಮೆರಿಕದ ಸರ್ಕಾರಿ ವೆಚ್ಚ ಕಡಿತ ವಿಭಾಗ ಪ್ರಕಟಿಸಿತು. ನಮ್ಮಲ್ಲಿ ಎರಡೂ ಬಣಗಳು ಒಬ್ಬರ ಮೇಲೊಬ್ಬರು ‘ವಿದೇಶಿ ಕೈ’ ಎಂದು ಕೂಗಾಡಿದವು. ಎಷ್ಟೋ ಟಿವಿ ಸ್ಟುಡಿಯೊಗಳು ತಾವು ಯಾರ ಪರ ಎಂಬುದಕ್ಕೆ ತಕ್ಕಂತೆ ತೀರ್ಪು ಕೊಟ್ಟವು. ಆ ಮೊತ್ತ 2022ರಲ್ಲಿ ಮಂಜೂರಾದದ್ದು ಬಾಂಗ್ಲಾದೇಶಕ್ಕೆ ಎಂದು ‘ಇಂಡಿಯನ್ ಎಕ್ಸ್‌ಪ್ರೆಸ್’ ದಾಖಲೆಗಳನ್ನು ಹುಡುಕಿ ಬರೆದದ್ದು ಆಮೇಲೆ. ಹೊರಗಿನ ಕೈ ಎಂಬ ಆರೋಪವೂ ಚುನಾವಣಾ ಅಸ್ತ್ರವೇ. ದಾಖಲೆ ನೋಡುವ ವ್ಯವಧಾನ ಇಲ್ಲದ ಮಾಧ್ಯಮ ಆ ಅಸ್ತ್ರವನ್ನು ಬೀಸುವವರಿಗೆ ಬಲ ಕೊಡುತ್ತದೆ.

ಮರುಚುನಾವಣೆ ಮತ್ತು ಅದು ಬಿಟ್ಟುಹೋದ ಪ್ರಶ್ನೆ

ರೊಮೇನಿಯಾಕ್ಕೆ ಮರಳೋಣ. 2025ರ ಫೆಬ್ರುವರಿಯಲ್ಲಿ ಅಧ್ಯಕ್ಷ ಯೊಹಾನಿಸ್ ರಾಜೀನಾಮೆ ಕೊಟ್ಟರು. ಮಾರ್ಚ್‌ನಲ್ಲಿ ಜಾರ್ಜೆಸ್ಕು ಅವರ ಹೊಸ ನಾಮಪತ್ರವನ್ನು ಚುನಾವಣಾ ಮಂಡಳಿ ತಿರಸ್ಕರಿಸಿತು, ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಭ್ಯರ್ಥಿಯನ್ನು ತೆಗೆದುಹಾಕಿದರೆ ಅವರ ಮತದಾರರು ಮನೆಯಲ್ಲೇ ಉಳಿಯುತ್ತಾರೆ ಎಂದುಕೊಂಡವರ ಲೆಕ್ಕ ತಪ್ಪಿತು. ಮೇ 4ರ ಮೊದಲ ಸುತ್ತಿನಲ್ಲಿ ಅದೇ ಬಗೆಯ ರಾಷ್ಟ್ರವಾದಿ ನಾಯಕ ಜಾರ್ಜ್ ಸಿಮಿಯೋನ್ ಪಡೆದದ್ದು ಶೇ 40.96. ಆರು ತಿಂಗಳ ಹಿಂದೆ ಅವರಿಗೆ ಬಂದಿದ್ದುದು ಶೇ 14ರ ಒಳಗೆ. ಆಡಳಿತ ಮೈತ್ರಿಕೂಟದ ಅಭ್ಯರ್ಥಿ ಈ ಬಾರಿಯೂ ಎರಡನೇ ಸುತ್ತಿಗೆ ಬರಲಿಲ್ಲ. ಮೇ 18ರಂದು ಜನ ಹೆಚ್ಚಿನ ಸಂಖ್ಯೆಯಲ್ಲಿ ಬಂದು ಮತ ಹಾಕಿದರು. ಬುಕಾರೆಸ್ಟ್‌ನ ಮೇಯರ್, ಗಣಿತಜ್ಞ ನಿಕುಶೋರ್ ಡಾನ್ ಶೇ 53.6ರಷ್ಟು ಮತ ಪಡೆದು ಗೆದ್ದರು.

ಟಿಕ್‌ಟಾಕ್ ಮೇಲೆ ಯುರೋಪಿಯನ್ ಕಮಿಷನ್ ವಿಧ್ಯುಕ್ತ ತನಿಖೆ ತೆರೆದದ್ದು 2024ರ ಡಿಸೆಂಬರ್ 17ರಂದು. ಜಾರ್ಜೆಸ್ಕು ಅವರ ಮೇಲೆ ಪ್ರಾಸಿಕ್ಯೂಟರ್‌ಗಳು ಸಾಂವಿಧಾನಿಕ ವ್ಯವಸ್ಥೆಯ ವಿರುದ್ಧದ ಯತ್ನದ ಆರೋಪ ಹೊರಿಸಿ ವಿಚಾರಣೆಗೆ ಕಳುಹಿಸಿದ್ದು 2025ರ ಸೆಪ್ಟೆಂಬರ್‌ನಲ್ಲಿ, ಅಂದರೆ ಮತದಾನ ರದ್ದಾಗಿ ಒಂಬತ್ತು ತಿಂಗಳ ಮೇಲೆ. ಅವರು ಆರೋಪಗಳನ್ನು ನಿರಾಕರಿಸಿದ್ದಾರೆ. ಮೊದಲು ಶಿಕ್ಷೆ, ಆಮೇಲೆ ವಿಚಾರಣೆ ಎಂಬ ಅನಿಸಿಕೆ ಅವರ ಬೆಂಬಲಿಗರಲ್ಲಿ ಬೇರೂರಿದ್ದರೆ ಆಶ್ಚರ್ಯವಿಲ್ಲ.

ಸಿಮಿಯೋನ್ ಸೋತ ರಾತ್ರಿ ಸೋಲೊಪ್ಪಿಕೊಂಡರು. ಎರಡು ದಿನ ಕಳೆದ ಮೇಲೆ ಮಾತು ಬದಲಿಸಿದರು. ಫ್ರಾನ್ಸ್ ಮತ್ತು ಮಾಲ್ಡೋವಾ ತಮ್ಮ ವಿರುದ್ಧ ಕೈಯಾಡಿಸಿವೆ, ಡಿಸೆಂಬರ್‌ನಲ್ಲಿ ಯಾವ ಕಾರಣಕ್ಕೆ ಚುನಾವಣೆಯನ್ನು ರದ್ದು ಮಾಡಿದಿರೋ ಅದೇ ಕಾರಣಕ್ಕೆ ಇದನ್ನೂ ರದ್ದು ಮಾಡಿ ಎಂದು ಅದೇ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಮೇ 22ರಂದು ನ್ಯಾಯಾಧೀಶರು ಆ ಅರ್ಜಿಯನ್ನು ಒಮ್ಮತದಿಂದ ತಳ್ಳಿಹಾಕಿದರು.